ಫಾರಂನಲ್ಲಿ ಹಿಮ ಇತ್ತು, ಸಂಪು ಇರಲಿಲ್ಲ

ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆ. ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಆರರ ತನಕ ಮನೆ ತುಂಬ ಮಕ್ಕಳು. ಐದು ಜನ, ಒಂದೂ ನನ್ನದಲ್ಲ. ನನ್ನ ಮಗ ಓದಲಿಕ್ಕೆ ಬೆಂಗಳೂರು ಸೇರಿದ್ದಾನೆ. ನರ್ಸಮ್ಮನ ಮಗಳು, ಬ್ಯಾಂಕಿನವರ ಮಗ, ಕಾಲೇಜು ಮೇಡಂ ಒಬ್ಬರ ಅವಳಿ, ಬಟ್ಟೆ ಅಂಗಡಿಯವರ ಹುಡುಗ. ಚಿಕ್ಕವಳಿಗೆ ಹದಿನಾಲ್ಕು ತಿಂಗಳು, ದೊಡ್ಡವನಿಗೆ ನಾಲ್ಕೂವರೆ ವರ್ಷ. ಬೋರ್ಡು ಹಾಕಿಲ್ಲ. ಯಾರಾದರೂ ಕೇಳಿದರೆ "ಮಕ್ಕಳನ್ನ ನೋಡ್ಕೋತೀನಿ" ಅಂತೀನಿ, ಅಷ್ಟೇ. ಮಕ್ಕಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಅಪ್ಪ ಅಮ್ಮಂದಿರಿಗೆ ನಾನು ಬರೆದುಕೊಟ್ಟಿರುವ ಮಾತು.

ಹೌದು, ಬರೆದುಕೊಟ್ಟಿದ್ದೇನೆ. ಈ ಕೆಲಸಕ್ಕೂ ಕಾಗದ ಪತ್ರ ಇದೆ. ಐದು ಮಕ್ಕಳಿಗೆ ಗಂಜಿ ಕುಡಿಸಿ ಮಲಗಿಸಲಿಕ್ಕೆ ಫೈಲ್ ಯಾಕೆ ಅಂತ ನಮ್ಮ ಯಜಮಾನರು ಮೊದಮೊದಲು ಬಹಳ ನಗುತ್ತಿದ್ದರು.

ಫೈಲ್ ಶುರುವಾಗಿದ್ದು ನಾದಿನಿಯಿಂದ. ಅವಳು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಇದೇ ಕೆಲಸ ಮಾಡುತ್ತಾಳೆ. ಅಲ್ಲಿ ಇದಕ್ಕೆ ಚೈಲ್ಡ್‌ಮೈಂಡರ್ ಅಂತ ಹೆಸರು, ನೋಂದಣಿ ಕಡ್ಡಾಯ. ಆಫ್‌ಸ್ಟೆಡ್ ಅನ್ನುವ ಸರ್ಕಾರಿ ಸಂಸ್ಥೆಯವರು ಮನೆಗೇ ಬಂದು ನೋಡುತ್ತಾರೆ. ಎಂಟು ವರ್ಷದೊಳಗಿನ ಮಕ್ಕಳು ಸಾಮಾನ್ಯವಾಗಿ 6ಕ್ಕಿಂತ ಜಾಸ್ತಿ ಇರಬಾರದು. ಅದರಲ್ಲಿ ಶಾಲೆಗೆ ಹೋಗದ ಪುಟ್ಟವರು 3 ಜನ. ವರ್ಷ ತುಂಬದ ಕೂಸು ಒಂದೇ. ಮಕ್ಕಳ ಪ್ರಥಮ ಚಿಕಿತ್ಸೆಗೆ 12 ಗಂಟೆಯ ತರಬೇತಿ, ಅದನ್ನು 3 ವರ್ಷಕ್ಕೊಮ್ಮೆ ಮತ್ತೆ ಮಾಡಬೇಕು. ಇದನ್ನೆಲ್ಲ ಅವಳು ವಿಡಿಯೋ ಕಾಲ್‌ನಲ್ಲಿ ಹೇಳುವಾಗ ನನಗೆ ನಾಚಿಕೆಯೇ ಆಯಿತು. ನಮ್ಮಲ್ಲಿ 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಶಿಶುವಿಹಾರ ಇರಬೇಕು ಅಂತ 2017ರಲ್ಲಿ ಕಾನೂನು ತಿದ್ದಿದರು, 2018ರಲ್ಲಿ ಕೇಂದ್ರದವರು ಅದಕ್ಕೆ ಮಾರ್ಗಸೂಚಿಯನ್ನೂ ತಂದರು. ಅದು ದೊಡ್ಡ ಸಂಸ್ಥೆಗಳ ಲೆಕ್ಕ. ನಮ್ಮ ಪಡಸಾಲೆಗೆ ಬಂದು "ಏನಮ್ಮ, ಹೇಗೆ ನೋಡ್ಕೋತೀಯ" ಅಂತ ಕೇಳಿದವರು ಇವತ್ತಿನವರೆಗೆ ಯಾರೂ ಇಲ್ಲ.

"ನಂದೇ ಫಾರಂ ಕಳಿಸ್ತೀನಿ ಅತ್ತಿಗೆ, ನೋಡಿ" ಅಂದಳು. ವಾಟ್ಸಾಪಿಗೆ 28 ಪುಟ ಬಂತು. ಇಂಗ್ಲಿಷು. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಸ್ಪೈರಲ್ ಬೈಂಡಿಂಗ್ ಮಾಡಿಸಿದೆ. ರಿಸ್ಕ್ ಅಸೆಸ್‌ಮೆಂಟ್ ಅನ್ನುವ ಭಾಗದಲ್ಲೇ 41 ಸಾಲು. ಪ್ರತಿ ಸಾಲಿಗೂ ಒಂದು ಅಪಾಯ. ಅದು ಆಗುವ ಸಾಧ್ಯತೆಗೆ 1ರಿಂದ 5ರ ತನಕ ಅಂಕ, ಒಂದು ವೇಳೆ ಆಗಿಬಿಟ್ಟರೆ ಪೆಟ್ಟು ಎಷ್ಟು ಅನ್ನುವುದಕ್ಕೆ ಮತ್ತೆ 1ರಿಂದ 5. ಎರಡನ್ನೂ ಗುಣಿಸಬೇಕು. ಉತ್ತರ ಸಣ್ಣದಾದರೆ ಹಸಿರು, ನಡುವೆ ಬಂದರೆ ಹಳದಿ, ದೊಡ್ಡದಾದರೆ ಕೆಂಪು. ನಾನು ನರ್ಸರಿ ಟೀಚರ್ ಆಗಿದ್ದವಳು. ಸ್ಕೆಚ್ ಪೆನ್ನು ಕೈಗೆ ಸಿಕ್ಕರೆ ಕೇಳಬೇಕಾ? ಒಂದು ಭಾನುವಾರ ಪೂರ್ತಿ ಕೂತು ತುಂಬಿದೆ. ಹದಿನೇಳನೇ ಸಾಲಿನಲ್ಲಿ "ಹಿಮ, ಮಂಜುಗಡ್ಡೆ ಮೇಲೆ ಜಾರುವುದು" ಅಂತ ಇತ್ತು. ಅದಕ್ಕೂ 1 ಸಲ 4, ಹಸಿರು ಅಂತ ಬರೆದಿದ್ದೇನೆ. ದಾವಣಗೆರೆಯಲ್ಲಿ ಹಿಮ! ಏಪ್ರಿಲ್‌ನಲ್ಲಿ ಬರಿಗಾಲಲ್ಲಿ ತಾರಸಿ ಮೇಲೆ ನಿಂತು ನೋಡಿ, ಗೊತ್ತಾಗುತ್ತದೆ.

ಆ ಫೈಲ್ ಬೀರುವಿನ ಮೇಲೆ ಕೂತ ಮೂರನೇ ವಾರ ಸಂಪಿನ ಕಥೆ ಆಯಿತು.

ನಮ್ಮ ಬೀದಿಗೆ ನಲ್ಲಿ ನೀರು ದಿನಾ ಬರುವುದಿಲ್ಲ. ಭದ್ರಾ ನೀರು ಕುಂದುವಾಡ ಕೆರೆಗೆ ಬಂದು, ಅಲ್ಲಿಂದ ನಮ್ಮ ತನಕ ಬರಬೇಕು. ಬಂದಾಗ ಹಿಡಿದಿಟ್ಟುಕೊಳ್ಳಬೇಕು. ಹಾಗಾಗಿ ಮನೆ ಮನೆಗೂ ಅಂಗಳದಲ್ಲಿ ಸಂಪು. ನಮ್ಮದು ಆರು ಅಡಿ ಆಳ. ಬಾಯಿಗೆ ಒಂದು ತಗಡಿನ ಮುಚ್ಚಳ, ಅದರ ಮೇಲೆ ಕಲ್ಲು. ಆವತ್ತು ಬೆಳಿಗ್ಗೆ ಹನ್ನೊಂದಕ್ಕೆ ನೀರು ಬಂತು. ಅತ್ತೆ ಮುಚ್ಚಳ ಸರಿಸಿ ಪೈಪು ಇಳಿಬಿಟ್ಟರು. ಅಷ್ಟರಲ್ಲಿ ಒಳಗೆ ಫೋನು. ನಾನು ಅವಳಿಗಳಲ್ಲಿ ಒಬ್ಬಳ ಚಡ್ಡಿ ಬದಲಿಸುತ್ತಿದ್ದೆ. ಸಹಾಯಕ್ಕೆ ಬರುವ ಹುಡುಗಿ ಹಾಲು ಕಾಯಿಸುತ್ತಿದ್ದಳು.

"ಡುಬುಕ್" ಅಂತ ಕೇಳಿತು.

ಎಷ್ಟು ಹೊತ್ತಿನಲ್ಲಿ ಅಂಗಳಕ್ಕೆ ಬಂದೆನೋ ನೆನಪಿಲ್ಲ. ಬ್ಯಾಂಕಿನವರ ಮಗ, ಆಗಿನ್ನೂ ಎರಡು ತುಂಬಿರಲಿಲ್ಲ, ಸಂಪಿನ ಬಾಯಿ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಎರಡೂ ಕೈ ಅಂಚಿನ ಮೇಲೆ. ತಲೆ ಒಳಗೆ ಬಗ್ಗಿಸಿ ನೋಡುತ್ತಿದ್ದ. ಬಿದ್ದದ್ದು ಅವನ ಸ್ಟೀಲ್ ಚಮಚ. ನನ್ನನ್ನು ಕಂಡು "ಹೋತು" ಅಂದ. ಹಿಂದಿನಿಂದ ಚಡ್ಡಿ ಹಿಡಿದು ಎಳೆದುಕೊಂಡೆ. ಹಾಗೆ ಎಳೆದದ್ದಕ್ಕೆ ಅತ್ತ. ನಾನು ಅವನನ್ನು ಎತ್ತಿಕೊಂಡು ಕಟ್ಟೆ ಮೇಲೆ ಕೂತೆ. ಕೈ ನಡುಗುತ್ತಿತ್ತು.

ಈ ವಯಸ್ಸಿನ ಮಕ್ಕಳಿಗೆ ಮೈಗೆ ಹೋಲಿಸಿದರೆ ತಲೆ ಭಾರ. ಬಗ್ಗಿದರೆ ವಾಪಸ್ ಏಳಲಿಕ್ಕೆ ಬರುವುದಿಲ್ಲ. ಮುಳುಗಲಿಕ್ಕೆ ಆರಡಿ ಸಂಪೇ ಬೇಕಿಲ್ಲ, ಬಕೆಟ್ಟಿನ ತಳದ ನಾಲ್ಕು ಬೆರಳು ನೀರು ಸಾಕು. ಸಿನಿಮಾದಲ್ಲಿ ತೋರಿಸುವ ಹಾಗೆ ಕೈ ಬಡಿದು ಕೂಗುವುದೂ ಇಲ್ಲ. ಸದ್ದೇ ಆಗುವುದಿಲ್ಲ. ಆವತ್ತು ಸದ್ದು ಮಾಡಿದ್ದು ಚಮಚ.

ರಾತ್ರಿ ಫೈಲ್ ತೆಗೆದೆ. 41 ಸಾಲನ್ನೂ ಓದಿದೆ. ಹಿಮ ಇತ್ತು. ಕೆಂಡದ ಒಲೆಗೆ ಹಾಕುವ ಜಾಲರಿ ಇತ್ತು. ತೋಟದ ಕೊಳ ಇತ್ತು, ಅದಕ್ಕೆ "ನಮ್ಮಲ್ಲಿ ಇಲ್ಲ" ಅಂತ ಬರೆದು ಹಸಿರು ಬಳಿದಿದ್ದೆ. ಸಂಪು ಇರಲಿಲ್ಲ. ಇಂಗ್ಲೆಂಡಿನ ಮನೆಯ ಅಂಗಳದಲ್ಲಿ ಸಂಪು ಯಾಕೆ ಇರುತ್ತದೆ, ಅಲ್ವಾ?

ಆ ಹುಡುಗನ ಅಮ್ಮನಿಗೆ ಅದೇ ಸಂಜೆ ಹೇಳಿದೆ. ಮುಚ್ಚಿಡಬೇಕು ಅಂತ ಒಂದು ಕ್ಷಣ ಅನ್ನಿಸಿತ್ತು, ಸುಳ್ಳು ಹೇಳುವುದಿಲ್ಲ. ಅವರು ಎರಡು ನಿಮಿಷ ಮಾತಾಡಲಿಲ್ಲ. ಆಮೇಲೆ "ಅಕ್ಕ, ನಮ್ಮನೇಲೂ ಸಂಪಿದೆ, ಮುಚ್ಚಳ ನೋಡ್ತೀನಿ" ಅಂದರು. ಮಾರನೇ ದಿನ ಮಗನನ್ನ ಕರೆದುಕೊಂಡು ಬಂದರು. ಬರದಿದ್ದರೂ ನಾನು ಏನೂ ಅನ್ನುತ್ತಿರಲಿಲ್ಲ.

ನಾದಿನಿಗೆ ಫೋನ್ ಮಾಡಿ ಅತ್ತುಬಿಟ್ಟೆ. ಅವಳು ಎಲ್ಲ ಕೇಳಿ ಕೊನೆಗೆ ಹೇಳಿದ ಮಾತು ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. "ಅತ್ತಿಗೆ, ಆ ಫಾರಂ ನಾನು ನಮ್ಮನೆಗೆ ಅಂತ ಮಾಡ್ಕೊಂಡಿದ್ದು. ಇಲ್ಲಿ ಎಲ್ಲಾನೂ ಬರೆದಿಡಲೇಬೇಕು ಅಂತ ಏನಿಲ್ಲ. ಯಾವುದು ಬರೆಯೋದು ಉಪಯೋಗ ಅಂತ ನಾವೇ ಯೋಚಿಸಬೇಕು. ಇನ್‌ಸ್ಪೆಕ್ಟರ್ ಬಂದು ಕೇಳಿದ್ರೆ ಬಾಯಲ್ಲಿ ಹೇಳಕ್ಕೆ ಬರಬೇಕು." ನಿಜವಂತೆ. 2021ರಲ್ಲಿ ಅಲ್ಲಿನ ನಿಯಮ ಬದಲಿಸಿದಾಗ ಕಾಗದದ ಕೆಲಸ ಕಡಿಮೆ ಮಾಡುವುದೇ ಒಂದು ಉದ್ದೇಶ ಆಗಿತ್ತಂತೆ. 2024ರ ಜನವರಿಯಿಂದ ಮನೆಯಲ್ಲಿ ನೋಡಿಕೊಳ್ಳುವವರಿಗೆ ಬೇರೆಯದೇ ನಿಯಮ ಪುಸ್ತಕ ಕೊಟ್ಟಿದ್ದಾರೆ, ಅವರು ಪಾಲಿಸಿ, ಅಂದರೆ ತಮ್ಮ ಕೆಲಸದ ರೀತಿ ನೀತಿ, ಬರೆದು ಇಟ್ಟುಕೊಳ್ಳಲೇಬೇಕು ಅಂತಿಲ್ಲ. ನಾನು ಇಲ್ಲಿ 28 ಪುಟ ಬೈಂಡ್ ಮಾಡಿಸಿ ಬೀರು ಮೇಲೆ ಇಟ್ಟಿದ್ದೆ.

ಮೊದಲು ವೆಲ್ಡಿಂಗ್ ಅಂಗಡಿಯವರನ್ನ ಕರೆಸಿದೆ. ಮುಚ್ಚಳದ ಕೆಳಗೆ ಕಬ್ಬಿಣದ ಸರಳಿನ ಜಾಲರಿ, ಒಂದು ಮೂಲೆಯಲ್ಲಿ ಪೈಪು ಹೋಗುವಷ್ಟೇ ತೂತು. ಮೇಲಿನ ಮುಚ್ಚಳಕ್ಕೆ ಚಿಲಕ, ಬೀಗ. 1,900 ರೂಪಾಯಿ ಆಯಿತು. ಈಗ ನೀರು ಹಿಡಿಯುವಾಗ ಮುಚ್ಚಳ ತೆಗೆದರೂ ಜಾಲರಿ ಇದ್ದೇ ಇರುತ್ತದೆ. ಆಮೇಲೆ ಸಂಪು ತೊಳೆಸುವಾಗ ಚಮಚ ಸಿಕ್ಕಿತು. ಅದನ್ನೇ ಬೀಗದ ಕೀಲಿಗೆ ಕಟ್ಟಿ ಬಾಗಿಲ ಮೇಲಿನ ಮೊಳೆಗೆ ತೂಗುಹಾಕಿದ್ದೇನೆ. ಚಮಚ ಕಟ್ಟಿದ ಕೀಲಿಯನ್ನ ಯಾರೂ ಮರೆತು ಜೇಬಿಗೆ ಹಾಕಿಕೊಂಡು ಹೋಗುವುದಿಲ್ಲ ನೋಡಿ.

ಆಮೇಲೆ ಬರೆಯುವ ಕೆಲಸ. ಇಂಗ್ಲಿಷ್ ಫೈಲ್ ಬಿಟ್ಟೆ. 200 ಪುಟದ ರೂಲ್ಡ್ ನೋಟ್‌ಬುಕ್ಕು, ಕನ್ನಡದಲ್ಲಿ, ದೊಡ್ಡ ಅಕ್ಷರ. ಯಾಕೆಂದರೆ ಆವತ್ತು ಸಂಪಿನ ಹತ್ತಿರ ಇದ್ದದ್ದು ಅತ್ತೆ. ಇಂಗ್ಲಿಷ್ ಫಾರಂನಲ್ಲಿ ಸಂಪಿಗೆ ನೂರು ಸಾಲು ಬರೆದಿದ್ದರೂ ಅವರಿಗೆ ಓದಲಿಕ್ಕೆ ಬರುತ್ತಿರಲಿಲ್ಲ. ಮೂರೇ ಕಾಲಂ ಎಳೆದೆ. ಏನಾಗಬಹುದು. ಏನು ಮಾಡಿದ್ದೇವೆ. ಯಾರು ನೋಡಬೇಕು. ಗುಣಾಕಾರ ಇಲ್ಲ, ಬಣ್ಣ ಇಲ್ಲ. ಮೂರನೇ ಕಾಲಂ ತುಂಬುವುದೇ ಕಷ್ಟ. "ಎಲ್ಲರೂ" ಅಂತ ಬರೆದರೆ ಯಾರೂ ನೋಡುವುದಿಲ್ಲ. ಒಂದೊಂದಕ್ಕೂ ಒಬ್ಬರೇ.

ತುಂಬುವ ಮೊದಲು ಇನ್ನೊಂದು ಕೆಲಸ ಮಾಡಿದೆ. ಮಕ್ಕಳು ಹೋದ ಮೇಲೆ ಬಾಗಿಲು ಹಾಕಿ, ಸೀರೆ ಎತ್ತಿ ಸಿಕ್ಕಿಸಿ, ಇಡೀ ಮನೆ ಅಂಬೆಗಾಲಲ್ಲಿ ಓಡಾಡಿದೆ. ಯಜಮಾನರು ಕಾಫಿ ಲೋಟ ಹಿಡಿದುಕೊಂಡು ನೋಡುತ್ತಾ ನಿಂತಿದ್ದರು. ಆ ಎತ್ತರದಲ್ಲಿ ಮನೆ ಬೇರೆಯೇ ಕಾಣುತ್ತದೆ. ದಿವಾನದ ಕೆಳಗೆ ಸೊಳ್ಳೆ ಬತ್ತಿಯ ಲಿಕ್ವಿಡ್ ಬಾಟಲಿ ಉರುಳಿ ಬಿದ್ದಿತ್ತು. ಟಿವಿ ಸ್ಟ್ಯಾಂಡಿನ ಹಿಂದೆ ಹಳೇ ಆಟಿಕೆಯ ಒಂದು ಬಟನ್ ಸೆಲ್. ಅದನ್ನ ನುಂಗಿ ಗಂಟಲ ನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಡಲಿಕ್ಕೆ ಶುರು ಮಾಡುತ್ತದೆ. ಇಳಿಗೆ ಮಣೆ ಗೋಡೆಗೆ ಒರಗಿಸಿತ್ತು, ಅಲಗು ಸರಿಯಾಗಿ ನನ್ನ ಮೂಗಿನ ಮಟ್ಟಕ್ಕೆ. ನಿಂತು ನೋಡಿದರೆ ಇದು ಯಾವುದೂ ಕಾಣುವುದಿಲ್ಲ. ಈಗಲೂ ತಿಂಗಳಿಗೊಮ್ಮೆ ಅಂಬೆಗಾಲು ಹಾಕುತ್ತೇನೆ. ಮಂಡಿ ನೋವು ಬೇರೆ ವಿಷಯ.

ದೊಡ್ಡ ಜಗಳ ಆಗಿದ್ದು ಮಂಡಕ್ಕಿಗೆ. ನಮ್ಮೂರಿನಲ್ಲಿ ಮಂಡಕ್ಕಿ ಬೇಡ ಅನ್ನುವುದೂ ಒಂದೇ, ಉಸಿರಾಡಬೇಡ ಅನ್ನುವುದೂ ಒಂದೇ. ಸಂಜೆ ನಾಲ್ಕಕ್ಕೆ ಅತ್ತೆ ಒಗ್ಗರಣೆ ಮಂಡಕ್ಕಿ ಮಾಡುತ್ತಾರೆ, ಖಾರ ಇಲ್ಲದ್ದು ಮಕ್ಕಳಿಗೆ. ಅದರಲ್ಲಿ ಶೇಂಗಾ. ಒಂದು ಸಂಜೆ ಅವಳಿಯೊಬ್ಬಳು ಬಾಯಿ ತುಂಬಿಕೊಂಡು ನಗುತ್ತಾ ಓಡಿದಳು, ಕೆಮ್ಮಿದಳು, ಕಣ್ಣಲ್ಲಿ ನೀರು ಬಂತು, ಕಾಳು ಹೊರಗೆ ಬಿತ್ತು. ಅಷ್ಟೇ ಆಗಿದ್ದು. ಆದರೆ ನರ್ಸಮ್ಮ ಕೇಳಿದವರೇ ಕೂರಿಸಿಕೊಂಡು ಹೇಳಿದರು. ಸಣ್ಣ ಮಕ್ಕಳ ಉಸಿರ ಕೊಳವೆಯಿಂದ ಡಾಕ್ಟರು ತೆಗೆಯುವ ಸಾಮಾನಿನಲ್ಲಿ ಶೇಂಗಾ ಬಹಳ ಸಲ ಇರುತ್ತದಂತೆ. ದವಡೆ ಹಲ್ಲು ಪೂರ್ತಿ ಬಂದಿರುವುದಿಲ್ಲ, ಕಾಳನ್ನ ಅರೆಯಲಿಕ್ಕೆ ಆಗುವುದಿಲ್ಲ, ನಗುವಾಗ ಉಸಿರಿನ ಜೊತೆ ಒಳಗೆ ಹೋಗಿಬಿಡುತ್ತದೆ. ಐದು ವರ್ಷದ ತನಕ ಇಡೀ ಕಾಳು ಬೇಡ ಅಂದರು. ಹೋಗುವ ಮೊದಲು ನನಗೂ ಸಹಾಯದ ಹುಡುಗಿಗೂ ಗೊಂಬೆ ಹಿಡಿದು ತೋರಿಸಿದರು. ಮಗುವನ್ನ ಮುಂದಕ್ಕೆ ಬಗ್ಗಿಸಿ ಬೆನ್ನ ಮೇಲೆ ಐದು ಏಟು. ಬರದಿದ್ದರೆ ವರ್ಷ ತುಂಬದ ಕೂಸಿಗೆ ಎದೆಯ ಮೇಲೆ ಐದು ಒತ್ತು, ಅದಕ್ಕಿಂತ ದೊಡ್ಡವರಿಗೆ ಹೊಟ್ಟೆಯ ಮೇಲ್ಭಾಗದಲ್ಲಿ. ಕಣ್ಣಿಗೆ ಕಾಣದ ವಸ್ತುವಿಗೆ ಬಾಯೊಳಗೆ ಬೆರಳು ಹಾಕಿ ತಡಕಾಡಬಾರದು.

ಅತ್ತೆಗೆ ಸಿಟ್ಟು. "ಶೇಂಗಾ ಇಲ್ಲದ ಮಂಡಕ್ಕಿ ಅಂದ್ರ ಏನವಾ, ಬರೀ ಗಾಳಿ!" ಅಂದರು. ಎರಡು ದಿನ ಮಾಡಲೇ ಇಲ್ಲ. ಮೂರನೇ ದಿನ ತಾವೇ ಶೇಂಗಾ ಹುರಿದು ಪುಡಿ ಮಾಡಿ ಮೇಲೆ ಉದುರಿಸಿದರು. ಮಕ್ಕಳಿಗೆ ಅದೇ ಜಾಸ್ತಿ ಹಿಡಿಸಿತು. ನೋಟ್‌ಬುಕ್ಕಿನಲ್ಲಿ "ಶೇಂಗಾ, ಪುಡಿ ಮಾತ್ರ, ಅತ್ತೆ" ಅಂತ ಇದೆ.

ಔಷಧಿ ಪುಸ್ತಕ ಬೇರೆ. ಜ್ವರದ ಸಿರಪ್ ಕಳಿಸುವ ಅಮ್ಮಂದಿರು "ಐದು ಎಂಎಲ್ ಕೊಡಿ" ಅಂತ ಹೇಳಿ ಓಡುತ್ತಾರೆ. ಪ್ಯಾರಾಸಿಟಮಾಲ್ ಸಿರಪ್ಪಿನಲ್ಲಿ ಐದು ಎಂಎಲ್‌ಗೆ 120 ಅಥವಾ 125 ಮಿಲಿಗ್ರಾಂ ಇರುವುದೂ ಇದೆ, 250 ಇರುವುದೂ ಇದೆ. ಒಂದು ವಾರ ಒಬ್ಬರು ಮೊದಲಿನದು ಕಳಿಸಿದ್ದರು, ಮುಂದಿನ ತಿಂಗಳು ಎರಡನೆಯದು. ಪುಸ್ತಕದಲ್ಲಿ ಹಳೇ ಸಾಲು ನೋಡಿ ಐದು ಎಂಎಲ್ ಅಳೆದೂ ಆಗಿತ್ತು. ಬಣ್ಣ ಬೇರೆ ಇದೆಯಲ್ಲ ಅಂತ ಬಾಟಲಿ ತಿರುಗಿಸಿ ಓದಿದೆ. ಆವತ್ತಿನಿಂದ ನಾನು ಲೆಕ್ಕ ಹಾಕುವುದೂ ಇಲ್ಲ, ಹಳೇ ಸಾಲು ನೋಡುವುದೂ ಇಲ್ಲ. ಬಾಟಲಿ ಮೇಲೆ ಏನಿದೆ, ಡಾಕ್ಟರು ಎಷ್ಟು ಹೇಳಿದ್ದಾರೆ, ಮನೆಯಲ್ಲಿ ಕೊನೇ ಸಲ ಎಷ್ಟು ಗಂಟೆಗೆ ಕೊಟ್ಟಿರಿ, ಸಹಿ. ಇಷ್ಟನ್ನೂ ಅವರೇ ಬರೆಯಬೇಕು, ಅದೇ ದಿನ. ಬರೆಯದಿದ್ದರೆ ಬಾಟಲಿ ವಾಪಸ್. ಒಬ್ಬರು ಅಪ್ಪ ಗೇಟಿನ ಹತ್ತಿರ ಗೊಣಗಿದರು. ಗೊಣಗಲಿ.

ಇನ್ನೊಂದಕ್ಕೆ ನಮ್ಮನೆಯಲ್ಲಿ "ಬಿದ್ದ ಪುಸ್ತಕ" ಅಂತ ಹೆಸರು. ಯಾರು, ಎಲ್ಲಿ, ಎಷ್ಟು ಗಂಟೆಗೆ ಬಿದ್ದರು, ಏನು ಹಚ್ಚಿದೆವು. ಸಂಜೆ ಅಪ್ಪ ಅಮ್ಮ ಸಹಿ ಮಾಡಬೇಕು. ಇದು ನನ್ನ ರಕ್ಷಣೆಗೆ ಅಂತ ಶುರು ಮಾಡಿದ್ದು, ಅದನ್ನ ಒಪ್ಪಿಕೊಳ್ಳುತ್ತೇನೆ. ಮೂರು ತಿಂಗಳಾದ ಮೇಲೆ ಸುಮ್ನೆ ಹಾಳೆ ತಿರುವುತ್ತಿದ್ದೆ. ಒಂಬತ್ತು ಸಲ ಬಿದ್ದದ್ದರಲ್ಲಿ ಆರು ಸಲ ಅಡುಗೆಮನೆ ಹೊಸ್ತಿಲು, ಆರೂ ಹನ್ನೆರಡಕ್ಕೆ ಸ್ವಲ್ಪ ಮೊದಲು! ಹಸಿವು. ಅನ್ನದ ವಾಸನೆ ಬಂದ ಕೂಡಲೇ ಎಲ್ಲರೂ ಒಂದೇ ಸಲ ನುಗ್ಗುತ್ತಿದ್ದರು. ಊಟವನ್ನ ಹನ್ನೊಂದೂವರೆಗೆ ತಂದೆ, ತಟ್ಟೆಗಳನ್ನ ಮೊದಲೇ ಪಡಸಾಲೆಯಲ್ಲಿ ಹಾಕಿದೆ. ಹೊಸ್ತಿಲಿನ ಬೀಳಾಟ ಹೆಚ್ಚುಕಡಿಮೆ ನಿಂತೇಹೋಯಿತು.

ವಾರದ ಯೋಜನೆಯ ಕಥೆ ಚಿಕ್ಕದು. ನಾದಿನಿಯ ಫೈಲಿನಲ್ಲಿ ಕಲಿಕೆಯ ಏಳು ಕ್ಷೇತ್ರ ಇದ್ದವು. ಮಾತು, ಮೈ ಚಟುವಟಿಕೆ, ಮನಸ್ಸು ಮತ್ತು ಒಡನಾಟ, ಓದು ಬರಹ, ಲೆಕ್ಕ, ಸುತ್ತಲಿನ ಜಗತ್ತು, ಕಲೆ. ನಾನು ಏಳಕ್ಕೂ ಮನೆ ಎಳೆದು, ಸೋಮವಾರದಿಂದ ಶನಿವಾರದ ತನಕ ಗಂಟೆ ಗಂಟೆಗೆ ತುಂಬಿ ಫ್ರಿಜ್ಜಿಗೆ ಅಂಟಿಸಿದೆ. ಮಂಗಳವಾರ ಹತ್ತೂವರೆಗೆ "ಬಣ್ಣಗಳ ಪರಿಚಯ". ಅದೇ ಹೊತ್ತಿಗೆ ಬೀದಿಯಲ್ಲಿ ಚರಂಡಿ ಅಗೆಯಲಿಕ್ಕೆ ಜೆಸಿಬಿ ಬಂತು. ಐದೂ ಮಕ್ಕಳು ಗೇಟಿನ ಸರಳು ಹಿಡಿದು ನಿಂತವು. ನಾನು ಕೆಂಪು ಚೆಂಡು ಹಿಡಿದುಕೊಂಡು ಕರೆದೆ. ಯಾರು ಬರುತ್ತಾರೆ? ಒಂದು ಗಂಟೆ ನಾವೆಲ್ಲ ಜೆಸಿಬಿ ನೋಡಿದೆವು. ಅಂಗಡಿಯವರ ಹುಡುಗ, ಎರಡು ಕಾಲು ವರ್ಷ ಆದರೂ ಸರಿಯಾಗಿ ಮಾತೇ ಬಂದಿರಲಿಲ್ಲ, ಬಾಯಿ ತುಂಬ "ಜೇಸಿಬಿ" ಅಂದ. ಅಮ್ಮ ಅನ್ನುವ ಮೊದಲು ಜೇಸಿಬಿ! ಅವರಮ್ಮನಿಗೆ ಹೇಗೆ ಹೇಳಲಿ ಅಂತ ನನಗೆ ಚಿಂತೆ ಆಯಿತು.

ಆಗಿನಿಂದ ಯೋಜನೆಯನ್ನ ತಿರುಗಿಸಿಬಿಟ್ಟೆ. ಬೆಳಿಗ್ಗೆ ಮೂರು ಬುಟ್ಟಿ ತಯಾರು ಇರುತ್ತದೆ. ಒಂದರಲ್ಲಿ ಹಿಟ್ಟು, ಮಣ್ಣು ಇಂಥದ್ದು. ಮಣ್ಣೆತ್ತಿನ ಅಮಾವಾಸ್ಯೆ ಹೊತ್ತಿಗೆ ಅದರಲ್ಲಿ ಕೆರೆ ಮಣ್ಣೇ ಇರುತ್ತದೆ, ನಾಲ್ಕೂವರೆಯವನು ಮಾಡಿದ ಎತ್ತಿಗೆ ಕಳೆದ ಸಲ ಐದು ಕಾಲಿತ್ತು. ಇನ್ನೊಂದರಲ್ಲಿ ಪುಸ್ತಕ, ಮತ್ತೊಂದರಲ್ಲಿ ಡಬ್ಬಿ ಮುಚ್ಚಳ. ಯಾವುದು ಬೇಕೋ ಮಕ್ಕಳೇ ಎಳೆದುಕೊಳ್ಳುತ್ತಾರೆ. ಬರೆಯುವುದು ಸಂಜೆ, ಒಬ್ಬೊಬ್ಬರ ಬಗ್ಗೆ ಎರಡು ಸಾಲು, ತಾರೀಖು ಹಾಕಿ. ಇಂಗ್ಲೆಂಡಿನಲ್ಲಿ ಎರಡರಿಂದ ಮೂರು ವರ್ಷದ ನಡುವೆ ಪ್ರತಿ ಮಗುವಿನ ಬೆಳವಣಿಗೆ ಬಗ್ಗೆ ಅಪ್ಪ ಅಮ್ಮನಿಗೆ ಬರೆದು ಕೊಡಬೇಕಂತೆ. ಅದೊಂದನ್ನು ಮಾತ್ರ ಹಾಗೇ ಎತ್ತಿಕೊಂಡೆ. ಅಂಗಡಿಯವರು ಮಾತು ತಡ ಅಂತ ಡಾಕ್ಟರ ಹತ್ತಿರ ಹೋದಾಗ ಆ ಒಂದು ಹಾಳೆ ತೆಗೆದುಕೊಂಡು ಹೋಗಿದ್ದರು. ಎಷ್ಟು ಪದ, ಯಾವಾಗಿನಿಂದ, ಕರೆದರೆ ತಿರುಗುತ್ತಾನಾ ಅಂತ ಡಾಕ್ಟರು ಕೇಳಿದ್ದಕ್ಕೆಲ್ಲ ತಾರೀಖು ಸಮೇತ ಉತ್ತರ ಇತ್ತಂತೆ. ಮೊದಲು ಕಿವಿ ಪರೀಕ್ಷೆ ಮಾಡಿಸಿ ಅಂದರಂತೆ. ಕಿವಿ ಸರಿ ಇದೆ. ಹುಡುಗ ಈಗ ಬಾಯಿ ಮುಚ್ಚುವುದಿಲ್ಲ.

ಕೊನೆಗೆ ಅತ್ತೆಯ ವಿಷಯ. ಅವರು ಚನ್ನಗಿರಿ ಕಡೆಯವರು, ಅಡಿಕೆ ತೋಟದ ಮನೆಯಲ್ಲಿ ಬೆಳೆದವರು. ಎಲೆ ಅಡಿಕೆ ಚೀಲ ಸೊಂಟದಲ್ಲಿ ಇಲ್ಲದಿದ್ದರೆ ಕೈ ಕಾಲು ಆಡುವುದಿಲ್ಲ. ಅಂಬೆಗಾಲಿನ ದಿನ ನಾನು ಪಟ್ಟಿಗೆ ಅವರ ಅಡಕತ್ತರಿಯನ್ನೂ ಸೇರಿಸಿದ್ದೆ. ಬಂತು ನೋಡಿ ಕೋಪ. "ನಾಲ್ಕು ಮಕ್ಕಳನ್ನ ಹೆತ್ತು ಸಾಕೀನಿ ನಾನು. ಒಂದಕ್ಕೂ ಬೆರಳು ಕುಯ್ದಿಲ್ಲ. ನನ್ನ ಅಡಕತ್ತರಿನ ನಿನ್ನ ಪುಸ್ತಕಕ್ಕ ಹಾಕ್ತೀಯೇನು?" ನಾನು ಆ ಸಾಲು ಹೊಡೆದುಹಾಕಿದೆ. ಮೂರನೇ ಕಾಲಂಗೆ ಅವರೇ ಬರಬೇಕು, ಅವರಿಗೆ ಮನಸ್ಸಿಲ್ಲದಿದ್ದರೆ ಆ ಸಾಲು ಇದ್ದು ಏನು ಮಾಡಬೇಕು?

ಹೋದ ತಿಂಗಳು ನರ್ಸಮ್ಮ ಮಗಳನ್ನ ಕರೆದುಕೊಂಡು ಹೋಗಲು ಬಂದವರು ಕಟ್ಟೆ ಮೇಲೆ ಕೂತು ಅತ್ತೆಯ ಜೊತೆ ಮಾತಾಡುತ್ತಿದ್ದರು. ಸುಣ್ಣದ ಟ್ಯೂಬ್ ಹಿಸುಕಿ ಆಟ ಆಡಿ ಕಣ್ಣಿಗೆ ಹಾರಿಸಿಕೊಂಡು ಆಸ್ಪತ್ರೆಗೆ ಬರುವ ಮಕ್ಕಳ ಕಥೆ ಹೇಳಿದರು. ಸುಣ್ಣ ಕಣ್ಣನ್ನ ಸುಡುತ್ತಲೇ ಹೋಗುತ್ತದೆ, ತಕ್ಷಣ ನಲ್ಲಿ ಕೆಳಗೆ ಹಿಡಿದು ಅರ್ಧ ಗಂಟೆ ತೊಳೆಯುತ್ತಲೇ ಇರಬೇಕು, ಆಮೇಲೆ ಆಸ್ಪತ್ರೆ ಅಂದರು. ಅತ್ತೆ ಏನೂ ಮಾತಾಡಲಿಲ್ಲ. ಚೀಲದ ಬಾಯಿ ಎಳೆದು ಕಟ್ಟಿಕೊಂಡರು.

ಮಾರನೇ ದಿನ ಬೆಳಿಗ್ಗೆ ನೋಟ್‌ಬುಕ್ ತೆಗೆದರೆ ಹೊಸದೊಂದು ಸಾಲು. ಪೆನ್ಸಿಲ್ಲಿನಲ್ಲಿ, ನಡುಗುವ ಅಕ್ಷರದಲ್ಲಿ. ಮೊದಲ ಕಾಲಂ: ಸುಣ್ಣದ ಡಬ್ಬಿ, ಕಣ್ಣು. ಎರಡನೆಯದು: ದೇವರ ಮಾಡದ ಮೇಲೆ ಇಡುವುದು, ಅಡಕತ್ತರಿನೂ. ಮೂರನೆಯದು: ನಾನು.